ಸೋನಿ ಎಂಡಿಆರ್-7506: ಒಂಬತ್ತು ವರ್ಷ ಕಿವಿಗೆ ಹಾಕಿಕೊಂಡ ಮೇಲೆ

ಮೊನ್ನೆ ಭಾನುವಾರ ಹೆಡ್‌ಫೋನಿನ ಕುಶನ್ ಬದಲಿಸಿದೆ. ಇದು ಮೂರನೇ ಜೋಡಿ. ಹಳೆಯದನ್ನು ಎಳೆದು ತೆಗೆದಾಗ ಮೇಜಿನ ತುಂಬ ಕಪ್ಪು ಹುಡಿ. ಒಂದು ತಿಂಗಳಿಂದ ಇದೇ ಹುಡಿ ನನ್ನ ಕಿವಿಯ ಹಿಂದೆ, ಕೂದಲಲ್ಲಿ, ಚೂಡಿದಾರದ ಹೆಗಲ ಮೇಲೆ ಉದುರುತ್ತಿತ್ತು. ಒಂದು ದಿನ ಸ್ಟುಡಿಯೊದಿಂದ ಹೊರಗೆ ಬಂದವಳನ್ನು ನೋಡಿ ನಮ್ಮ ಆಫೀಸಿನ ಅಕ್ಕ "ಕಿವಿಗೆ ಎಂತ ಮಸಿ ಮಾರಾಯ್ತಿ?" ಎಂದು ತನ್ನ ಸೆರಗಿನಿಂದಲೇ ಒರೆಸಿದರು. ಹೊಸ ಕುಶನ್ ಕೂರಿಸಿ, ಕಿವಿಗೇರಿಸಿ, ಮೈಕ್ ಆನ್ ಮಾಡಿ "ನಮಸ್ಕಾರ" ಅಂದೆ. ನನ್ನ ಸ್ವರ ಮತ್ತೆ ತಾನಿದ್ದ ಜಾಗಕ್ಕೆ ಬಂದು ಕೂತಿತು. ಇದರ ಬಗ್ಗೆ ಸರಿಯಾಗಿ ಒಮ್ಮೆ ಬರೆಯಬೇಕು ಅಂತ ಅವತ್ತೇ ಅನ್ನಿಸಿತು.

ನಾನು ಉಡುಪಿ ಜಿಲ್ಲೆಯ ಒಂದು ಸಮುದಾಯ ಬಾನುಲಿಯಲ್ಲಿ ನಿರೂಪಕಿ. ವಾರಕ್ಕೆ ಐದು ದಿನ, ಸಂಜೆ ಒಂದು ಗಂಟೆ, ಹೊಸ ಸಂಗೀತದ ಕಾರ್ಯಕ್ರಮ ನನ್ನದು. ಶರೀಫರ ಪದಗಳನ್ನು ಗಿಟಾರ್ ಹಿಡಿದು ಹಾಡಿದ ರಘು ದೀಕ್ಷಿತ್, ಸ್ವರಾತ್ಮ ಬ್ಯಾಂಡ್, ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ಜೊತೆ ಕೂಡಿಸುವ ಅಗಮ್, ಇವರೆಲ್ಲ ಬರುತ್ತಾರೆ. ಅದಕ್ಕಿಂತ ಹೆಚ್ಚು ನನಗೆ ಇಷ್ಟ, ತುಳುವಿನಲ್ಲೋ ಕುಂದಾಪ್ರ ಕನ್ನಡದಲ್ಲೋ ಮನೆಯ ಕೋಣೆಯಲ್ಲಿ ಕೂತು ಹಾಡು ಕಟ್ಟಿ, ಪೆನ್‌ಡ್ರೈವಿನಲ್ಲಿ ಹಾಕಿ ತಂದುಕೊಡುವ ಊರಿನ ಹುಡುಗ ಹುಡುಗಿಯರು. ನಮ್ಮದು 50 ವಾಟ್ ಟ್ರಾನ್ಸ್‌ಮಿಟರ್. ಹತ್ತು ಹದಿನೈದು ಕಿಲೋಮೀಟರ್ ಕೇಳಿಸಿದರೆ ದೊಡ್ಡದು. ಕೇಳುವವರು ಬೀಡಿ ಕಟ್ಟುವವರು, ಟೈಲರ್ ಅಂಗಡಿಯವರು, ರಿಕ್ಷಾದವರು, ಸಂಜೆ ಅಡುಗೆಗೆ ಒಲೆ ಹಚ್ಚುವವರು. ಅವರ ಕಿವಿಗೆ ಹೋಗುವ ಪ್ರತಿಯೊಂದು ಸದ್ದೂ ಮೊದಲು ಈ ಹೆಡ್‌ಫೋನನ್ನು ದಾಟಿ ಹೋಗುತ್ತದೆ.

2016ರಲ್ಲಿ ತೆಗೆದುಕೊಂಡದ್ದು. ಮೊದಲ ಸಲ ಮೋಸ ಹೋದೆ. ಇಂಟರ್ನೆಟ್ಟಿನಲ್ಲಿ ಒಬ್ಬ ಮಾರಾಟಗಾರ ಅರ್ಧ ಬೆಲೆಗೆ ಕೊಡುತ್ತಿದ್ದ. ಪೆಟ್ಟಿಗೆ, ಹೆಸರು, ನೀಲಿ ಪಟ್ಟಿ ಎಲ್ಲವೂ ಹಾಗೆಯೇ ಇತ್ತು. ಹಾಕಿಕೊಂಡು ಮಾತಾಡಿದರೆ ಸ್ವರ ಹಂಡೆಯೊಳಗಿನಿಂದ ಬಂದ ಹಾಗೆ ಗುಂಯ್‌ಗುಡುತ್ತಿತ್ತು, ಸುರುಳಿ ವಯರ್ ಎಳೆದರೆ ಸೊಪ್ಪಿನ ದಂಟಿನ ಹಾಗೆ ಜೋತುಬೀಳುತ್ತಿತ್ತು. ಹಿಂದೆ ಕಳಿಸಿ ಹಣ ವಾಪಸ್ ಬರಲು ಒಂದೂವರೆ ತಿಂಗಳು. ಆ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಸಂಗೀತ ಉಪಕರಣದ ಅಂಗಡಿಯಲ್ಲಿ ನಿಂತು, ಹಾಕಿ ಕೇಳಿ, ಬಿಲ್ಲು ಗ್ಯಾರಂಟಿ ಸಮೇತ ತಂದೆ. ಸುಮಾರು ಎಂಟು ಸಾವಿರ ಕೊಟ್ಟ ನೆನಪು. ಆಗ ಅದು ನನ್ನ ಒಂದು ತಿಂಗಳ ಸಂಭಾವನೆಗೆ ಹತ್ತಿರ. ಇದನ್ನು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ತೀರಾ ಅಗ್ಗಕ್ಕೆ ಸಿಕ್ಕರೆ ಕೈ ಹಾಕಬೇಡಿ, ಇದರ ನಕಲುಗಳು ಬೇಕಾದಷ್ಟಿವೆ.

ವಸ್ತು ಹಳೆಯದು. 1991ರಿಂದ ಸೋನಿ ಇದನ್ನು ಮಾರುತ್ತಲೇ ಇದೆ, ರೂಪ ಹೆಚ್ಚು ಕಡಿಮೆ ಹಾಗೆಯೇ ಇದೆ. ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲು, ಒಳಗೆ 40 ಮಿಲಿಮೀಟರಿನ ಸ್ಪೀಕರ್, ಕರೆಂಟಿಗೆ ಒಡ್ಡುವ ತಡೆ 63 ಓಮ್. ವಯರ್ ಬಿಟ್ಟು ತೂಕ 230 ಗ್ರಾಂ. ಹಳೆಯ ಟೆಲಿಫೋನಿನ ವಯರಿನ ಹಾಗೆ ಸುರುಳಿ, ಎಳೆದರೆ 3 ಮೀಟರ್ ತನಕ ಬರುತ್ತದೆ. ಮೊಬೈಲಿಗೆ ಆಗುವ ಸಣ್ಣ ಪಿನ್, ಮಿಕ್ಸರಿಗೆ (ಸ್ಟುಡಿಯೊದಲ್ಲಿ ಸದ್ದುಗಳನ್ನು ಬೆರೆಸಿ ಹದ ಮಾಡುವ ಯಂತ್ರ) ಬೇಕಾದ ದಪ್ಪ ಪಿನ್ ಅದರ ಮೇಲೆ ತಿರುಗಿಸಿ ಹಾಕುವಂಥದ್ದು. ಈ ತಿರುಗಣೆ ಸಣ್ಣ ವಿಷಯ ಅನ್ನಿಸಬಹುದು. ಬೇರೆ ಹೆಡ್‌ಫೋನುಗಳಲ್ಲಿ ಸುಮ್ಮನೆ ಸಿಕ್ಕಿಸುವ ಪಿನ್ ಮಿಕ್ಸರಿನ ತೂತಿನೊಳಗೇ ಉಳಿದು ಅದನ್ನು ತೆಗೆಯಲು ಇಕ್ಕಳ ಹುಡುಕಿದ್ದೇನೆ. ಇದರಲ್ಲಿ ಒಮ್ಮೆಯೂ ಹಾಗಾಗಿಲ್ಲ.

ರೇಡಿಯೊದವರು ಹೆಡ್‌ಫೋನ್ ಯಾಕೆ ಹಾಕುತ್ತಾರೆ ಅಂತ ಶಾಲೆಯ ಮಕ್ಕಳು ಸ್ಟುಡಿಯೊ ನೋಡಲು ಬಂದಾಗೆಲ್ಲ ಕೇಳುತ್ತಾರೆ. ಮೈಕ್ ತೆರೆದ ಕೂಡಲೇ ಕೋಣೆಯ ಸ್ಪೀಕರ್ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಸ್ಪೀಕರಿನ ಸದ್ದು ಮೈಕಿಗೆ, ಮೈಕಿನದು ಸ್ಪೀಕರಿಗೆ ಸುತ್ತಿ ಸುತ್ತಿ ಕುಂಯ್ ಅನ್ನುತ್ತದೆ. ಹಾಗಾಗಿ ಹಾಡಿನ ಕೊನೆ ಸಾಲು ಎಲ್ಲಿಗೆ ಬಂತು, ನಾನು ಎಲ್ಲಿ ಮಾತು ಶುರು ಮಾಡಬೇಕು ಅನ್ನುವುದು ಕಿವಿಯೊಳಗೆ ಮಾತ್ರ ಗೊತ್ತಾಗಬೇಕು. ಹೆಡ್‌ಫೋನಿನಿಂದ ಸದ್ದು ಹೊರಗೆ ಸೋರಿದರೆ ಅದೂ ಮೈಕಿಗೆ ಹೋಗುತ್ತದೆ. ಇದು ಹೆಚ್ಚೇನೂ ಸೋರುವುದಿಲ್ಲ. ಕೋಣೆಯ ಹೊರಗಿನ ಸದ್ದನ್ನು ಪೂರ್ತಿ ತಡೆಯುತ್ತದೆ ಅಂತ ಹೇಳಲಾರೆ. ಜೂನ್ ತಿಂಗಳಲ್ಲಿ ತಗಡಿನ ಮಾಡಿಗೆ ಮಳೆ ಹೊಡೆದರೆ ಕೇಳಿಯೇ ಕೇಳುತ್ತದೆ.

ವಯರಿಲ್ಲದ ಬ್ಲೂಟೂತ್ ಹಾಕಬಾರದಾ ಅಂತ ಕಾಲೇಜಿನಿಂದ ಕಲಿಯಲು ಬರುವವರು ಕೇಳುತ್ತಾರೆ. ನಾನು ವಾದ ಮಾಡುವುದಿಲ್ಲ, ಹಾಕಿ ಮಾತಾಡಲು ಹೇಳುತ್ತೇನೆ. ಬ್ಲೂಟೂತಿನಲ್ಲಿ ಸ್ವರ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ತಡವಾಗಿ ಕಿವಿಗೆ ಬರುತ್ತದೆ. ಹಾಡು ಕೇಳುವವರಿಗೆ ಅದು ಲೆಕ್ಕಕ್ಕೇ ಇಲ್ಲ. ತನ್ನ ಸ್ವರ ತನಗೇ ತಡವಾಗಿ ಕೇಳುವಾಗ ಮಾತ್ರ ಎಂಥ ಮಾತುಗಾರನ ನಾಲಗೆಯೂ ತೊಡರುತ್ತದೆ. ಎರಡನೇ ವಾಕ್ಯಕ್ಕೆ ತೊದಲಿ ನಿಂತುಬಿಡುತ್ತಾರೆ.

ಇನ್ನು ಈ ಹೆಡ್‌ಫೋನಿನ ಸ್ವಭಾವ. ಇದು ಮೇಲಿನ ಸ್ವರಗಳನ್ನು, ತೀಕ್ಷ್ಣ ಸದ್ದುಗಳನ್ನು ಎತ್ತಿ ತೋರಿಸುತ್ತದೆ. ಸಂಗೀತ ಕೇಳುವವರು ಇದನ್ನು ದೋಷ ಅನ್ನುತ್ತಾರೆ. ಮೈಕಿನ ಮುಂದೆ ಕನ್ನಡ ಮಾತಾಡುವ ನನಗೆ ಅದೇ ಗುರು. ಕನ್ನಡದಲ್ಲಿ ಮೈಕಿಗೆ ಕಷ್ಟ ಕೊಡುವ ಅಕ್ಷರಗಳು ಎರಡು ಬಗೆ. ಒಂದು, ತುಟಿ ಸೇರಿಸಿ ಬಿಡುವ ಪ, ಫ, ಭ. 'ಪ್ರಸಾರ', 'ಫಲ', 'ಭಾಷೆ' ಅನ್ನುವಾಗ ಬಾಯಿಯ ಗಾಳಿ ನೇರ ಹೋಗಿ ಮೈಕಿಗೆ ಬಡಿದು 'ಡುಬ್' ಅನ್ನುತ್ತದೆ. ಇನ್ನೊಂದು ಶ, ಷ, ಸ. 'ವಿಶೇಷ ಸಂಚಿಕೆ' ಅಂತ ಅವಸರದಲ್ಲಿ ಹೇಳಿ ನೋಡಿ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಕೇಳುತ್ತದೆ. ಮೊದಲ ಮೂರು ತಿಂಗಳು ನನ್ನ ಹಳೆಯ ರೆಕಾರ್ಡಿಂಗುಗಳನ್ನು ಇದರಲ್ಲಿ ಕೇಳಿ ರಾತ್ರಿ ನಿದ್ದೆ ಬಂದಿರಲಿಲ್ಲ. ಎರಡು ವರ್ಷ ಈ ಸದ್ದುಗಳನ್ನೆಲ್ಲ ಜನರ ಕಿವಿಗೆ ಹಾಕಿದ್ದೆನಲ್ಲ ಅಂತ. ಆಮೇಲೆ ಮೈಕನ್ನು ಬಾಯಿಯ ನೇರಕ್ಕಿಡದೆ ಕೆನ್ನೆಯ ಕಡೆಗೆ ಸ್ವಲ್ಪ ಓರೆ ಮಾಡಿದೆ, ಒಂದು ಗೇಣು ಅಂತರ ಇಟ್ಟೆ, ಮಹಾಪ್ರಾಣವನ್ನು ಉಸಿರಿನಿಂದ ತಳ್ಳದೆ ಗಂಟಲಿನಿಂದ ಹೇಳುವುದನ್ನು ಅಭ್ಯಾಸ ಮಾಡಿದೆ. ಕೇಳುಗರಲ್ಲಿ ಯಾರೂ ಇದನ್ನು ಗುರುತಿಸಿ ಹೇಳಿದ್ದಿಲ್ಲ. ನನಗೆ ಗೊತ್ತು.

ಉಸಿರಿನದ್ದು ಇನ್ನೊಂದು ಕತೆ. ಇದರಲ್ಲಿ ಎದುರಿಗೆ ಕೂತ ಅತಿಥಿಯ ಪ್ರತಿ ಉಸಿರೂ ಕೇಳುತ್ತದೆ. ತುಟಿ ಬಿಡಿಸುವ ಸದ್ದು, ಎಂಜಲು ನುಂಗಿದ್ದು, ಕೈಗಡಿಯಾರದ ಟಿಕ್ ಟಿಕ್ ಎಲ್ಲ. ಮೊದಲ ವರ್ಷ ಸಂದರ್ಶನಗಳನ್ನು ಎಡಿಟ್ ಮಾಡುವಾಗ ನಾನು ಉಸಿರುಗಳನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸುತ್ತಿದ್ದೆ. ಶುದ್ಧವಾಗಲಿ ಅಂತ. ಹಿರಿಯ ಮದ್ದಳೆಗಾರರೊಬ್ಬರ ಸಂದರ್ಶನ ಹಾಗೆ ಮಾಡಲು ಎರಡು ರಾತ್ರಿ ಕೂತಿದ್ದೆ. ಪ್ರಸಾರವಾದ ಮರುದಿನ ಒಬ್ಬ ಕೇಳುಗರು ಫೋನ್ ಮಾಡಿದರು. "ಮೇಡಂ, ಅವರನ್ನು ನಾನು ನಲವತ್ತು ವರ್ಷದಿಂದ ಬಲ್ಲೆ. ನಿನ್ನೆ ಮಾತಾಡಿದ್ದು ಅವರೇ, ಆದರೆ ಅವರಲ್ಲ. ಒಮ್ಮೆಯೂ ಉಸಿರು ತೆಗೆದುಕೊಳ್ಳಲೇ ಇಲ್ಲವಲ್ಲ." ಫೋನಿಟ್ಟು ಮೂಲ ರೆಕಾರ್ಡಿಂಗ್ ಹಾಕಿ ಕೇಳಿದೆ. ತನ್ನ ಗುರುಗಳ ಹೆಸರು ಹೇಳುವ ಮುಂಚೆ ಅವರು ಒಂದು ದೀರ್ಘ ಉಸಿರು ಎಳೆದುಕೊಂಡಿದ್ದರು, ಒಂದೆರಡು ಕ್ಷಣ ಬಿಟ್ಟು ಹೆಸರು ಬಂದಿತ್ತು. ಆ ಉಸಿರು, ಆ ಮೌನ ಎರಡನ್ನೂ ನಾನು ತೆಗೆದುಬಿಟ್ಟಿದ್ದೆ. ಮುಂದಿನ ವಾರ ಅದನ್ನೇ ಕತ್ತರಿಸದೆ ಮರುಪ್ರಸಾರ ಮಾಡಿದೆ. ಇವತ್ತಿಗೂ ಇದು ಉಸಿರನ್ನು ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ, ನಾನು ಕತ್ತರಿ ಹಾಕುವುದಿಲ್ಲ. ಯಾವ ಉಸಿರು ಮಾತಿನದ್ದು, ಯಾವುದು ಮೈಕಿಗೆ ತೀರಾ ಹತ್ತಿರ ಕೂತದ್ದರಿಂದ ಬಂದದ್ದು ಅಂತ ಬೇರೆ ಮಾಡಿ ಕೇಳಲು ಕಲಿತೆ.

ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುವಾಗ ಎಚ್ಚರ ಬೇಕು. ಭಾಗವತರ ಕೈಯ ತಾಳ, ಚೆಂಡೆಯ ಏರು ಪೆಟ್ಟು ಇದರಲ್ಲಿ ಸೂಜಿಯ ಹಾಗೆ ಚುಚ್ಚುತ್ತವೆ. ಇದು ಕಡಿಮೆ ಕರೆಂಟಿನಲ್ಲೇ ಜೋರಾಗಿ ಹಾಡುವ ಹೆಡ್‌ಫೋನ್, ಮಿಕ್ಸರಿನ ಗುಂಡಿ ಅರ್ಧಕ್ಕೆ ಬಂದರೇ ಸಾಕು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು, ಅದರ ಮೇಲೆ ಪ್ರತಿ 3 ಡೆಸಿಬಲಿಗೆ ಹೊತ್ತು ಅರ್ಧಕ್ಕಿಳಿಯುತ್ತದೆ ಅನ್ನುವುದು ಕಿವಿಯ ರಕ್ಷಣೆಗೆ ತಜ್ಞರು ಹಾಕಿರುವ ಲೆಕ್ಕ. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ನಮ್ಮ ಸ್ಟುಡಿಯೊದ ಗುಂಡಿಯ ಪಕ್ಕ ನಾನು ಕೆಂಪು ನೈಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಅದರಾಚೆ ತಿರುಗಿಸಬಾರದು. ಕಿವಿ ಹೋದರೆ ನಮ್ಮ ಕೆಲಸದಲ್ಲಿ ಉಳಿಯುವುದೇನಿಲ್ಲ.

ರ‍್ಯಾಪ್ ಹಾಡುವ ಮೂವರು ಹುಡುಗರು ಹೋದ ವರ್ಷ ತಮ್ಮ ಹೊಸ ಹಾಡು ತಂದಿದ್ದರು. ಒಬ್ಬ ಇದನ್ನು ಹಾಕಿ ಹತ್ತು ಸೆಕೆಂಡಿಗೆ ತೆಗೆದ. "ಅಕ್ಕ, ಇದ್ರಲ್ಲಿ ಬೇಸೇ ಇಲ್ಲ!" ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು, ಇದೆ; ಎದೆ ನಡುಗಿಸುವಷ್ಟಿಲ್ಲ. ಅವನ ಮನೆಯ ಹೆಡ್‌ಫೋನ್ ಬೇಸನ್ನು ಉಬ್ಬಿಸಿ ಕೊಡುವಂಥದ್ದು, ಅದರಲ್ಲಿ ಕೇಳಿ ಅವನು ಹಾಡನ್ನು ಹದ ಮಾಡಿದ್ದ. ಇದರಲ್ಲಿ ಕೇಳಿದಾಗ ಮಾತುಗಳು ಹಿಂದೆ ಸರಿದದ್ದು, ಎರಡನೇ ಚರಣದಲ್ಲಿ ಡ್ರಮ್ಮಿನ ಪೆಟ್ಟು ಮಿತಿ ಮೀರಿ ಹರಿದದ್ದು ಎದ್ದು ಕಂಡಿತು. ಕೂತು ಒಟ್ಟಿಗೆ ಕೇಳಿದೆವು. ಅವನಿಗೂ ಕೇಳಿಸಿತು. ವಾರ ಬಿಟ್ಟು ಸರಿ ಮಾಡಿ ತಂದ. ಆ ಹಾಡಿನಲ್ಲಿ ಅವನು ತನ್ನ ಅಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಕೂರುವುದನ್ನು ಹೇಳಿದ್ದ. ಆ ಸಾಲು ಡ್ರಮ್ಮಿನಡಿಯಲ್ಲಿ ಮುಳುಗಿ ಹೋಗಿದ್ದರೆ ನನಗೆ ಬಹಳ ಬೇಸರವಾಗುತ್ತಿತ್ತು.

ಆದರೆ ಇದೊಂದನ್ನೇ ನಂಬಿ ಕೂರಬಾರದು. ಎಫ್‌ಎಂನಲ್ಲಿ ಸುಮಾರು 15 ಸಾವಿರ ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ; ಹೆಚ್ಚಿದಷ್ಟೂ ಸದ್ದು ತೀಕ್ಷ್ಣ) ತನಕದ ಸದ್ದು ಮಾತ್ರ ಹೋಗುತ್ತದೆ, ಇದು ಕೇಳಿಸುವುದು 20 ಸಾವಿರದ ತನಕ. ಆಚೆ ತುದಿಯಲ್ಲಿ ಇರುವುದು ರಿಕ್ಷಾದ ಹಿಂದಿನ ಸೀಟಿನ ಸ್ಪೀಕರ್, ಇಲ್ಲವೇ ಹೊಲಿಗೆ ಯಂತ್ರದ ಪಕ್ಕದ ಮೊಬೈಲ್. ಹಾಗಾಗಿ ಎಡಿಟಿಂಗ್ ಮುಗಿದ ಮೇಲೆ ಒಂದು ಸಲ ಅಂಗೈ ಅಗಲದ ರೇಡಿಯೊದ ಸ್ಪೀಕರಿನಲ್ಲಿ ಕೇಳುತ್ತೇನೆ. ಹೆಡ್‌ಫೋನ್ ತಪ್ಪು ತೋರಿಸುತ್ತದೆ, ರೇಡಿಯೊ ಜನರಿಗೆ ಎಷ್ಟು ಮುಟ್ಟುತ್ತದೆ ಅಂತ ತೋರಿಸುತ್ತದೆ.

ಮನೆಯಲ್ಲಿ ಹಾಡು ಕೇಳಿ ಸಂತೋಷಪಡಲು ನಾನು ಇದನ್ನು ಬಳಸುವುದಿಲ್ಲ. ಎರಡು ಗಂಟೆಯಾದರೆ ಕಿವಿ ಬೆವರುತ್ತದೆ, ನೆತ್ತಿಯ ಮೇಲೆ ಪಟ್ಟಿ ಒತ್ತುತ್ತದೆ. ಕನ್ನಡಕ ಹಾಕುವವರಿಗೆ ಕಡ್ಡಿಯ ಜಾಗದಲ್ಲಿ ನೋವು ಬರುತ್ತದೆ ಅಂತ ನನ್ನ ಸಹೋದ್ಯೋಗಿ ಹೇಳುತ್ತಾರೆ. ಶುಕ್ರವಾರ ದೇವಸ್ಥಾನಕ್ಕೆ ಹೋಗಿ ಶಂಕರಪುರ ಮಲ್ಲಿಗೆ ಮುಡಿದು ಬಂದ ದಿನ ಪಟ್ಟಿಯನ್ನು ಹಿಂದಕ್ಕೆ ಇಳಿಸಿದರೆ ಹೂವು ನಲುಗುತ್ತದೆ, ಮುಂದಕ್ಕೆ ತಂದರೆ ಬಟ್ಟಲು ಕಿವಿ ಬಿಡುತ್ತದೆ. ಅವತ್ತು ಹೂವನ್ನು ತೆಗೆದು ಮಿಕ್ಸರಿನ ಮೇಲಿಡುತ್ತೇನೆ, ಇಡೀ ಕೋಣೆ ಘಮಘಮ.

ಹಾಡುವವರಿಗೆ ಕೊಡುವಾಗ ಒಂದು ಕಿವಿ ತೆರೆದಿಡಿ. ತುಳುವಿನ ಕಥನ ಹಾಡು ಪಾಡ್ದನ ಹಾಡುವ ಅಜ್ಜಿಯೊಬ್ಬರು ಬಂದಿದ್ದರು. ಎರಡೂ ಕಿವಿಗೆ ಹಾಕಿದ್ದೇ ತಡ, ಅರ್ಧ ಸಾಲಿಗೆ ನಿಲ್ಲಿಸಿದರು. "ಇದು ಬೇಡ ಮಗಾ, ನನ್ನ ಸ್ವರ ಬೇರೆ ಯಾರೋ ಹಾಡಿದ ಹಾಗೆ ಕೇಳ್ತದೆ." ಬಲಗಡೆಯ ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಿ ಕೊಟ್ಟೆ. ಸರಿಸಿದರೆ ಅದು ಅಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ಇಪ್ಪತ್ತು ನಿಮಿಷ ನಿಲ್ಲಿಸದೆ ಹಾಡಿದರು.

ವಯರಿನ ಬಗ್ಗೆ ನನಗೆ ನಿಜವಾದ ದೂರಿದೆ. ಅದು ಹೆಡ್‌ಫೋನಿಗೇ ಅಂಟಿಕೊಂಡದ್ದು, ಬಿಚ್ಚಿ ಬದಲಿಸುವ ಹಾಗಿಲ್ಲ. ಇದೇ ಕೆಲಸಕ್ಕೆ ಬರುವ ಆಡಿಯೋ-ಟೆಕ್ನಿಕಾ ಎಂ50ಎಕ್ಸ್‌ನಲ್ಲಿ ವಯರ್ ಬಿಚ್ಚಬಹುದು. ಇದರ ಭಾರದ ಸುರುಳಿ ಒಂದೇ ಕಡೆ, ಎಡಗಿವಿಯಿಂದ ಜೋತಾಡುತ್ತದೆ. 2020ರಲ್ಲಿ, ನೇರ ಪ್ರಸಾರದ ನಡುವೆ, ನನ್ನ ಕುರ್ಚಿಯ ಚಕ್ರ ಸುರುಳಿಯ ಮೇಲೆ ಹತ್ತಿತು. ಎಡಗಿವಿಯಲ್ಲಿ ಚರಚರ, ಆಮೇಲೆ ಸದ್ದೇ ಇಲ್ಲ. ಉಳಿದ ಅರ್ಧ ಗಂಟೆ ಒಂದೇ ಕಿವಿಯಲ್ಲಿ ಮುಗಿಸಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಟ್ರಾನ್ಸಿಸ್ಟರ್ ಕಾಲದಿಂದ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಕುಶನ್ ಕಳಚಿ, ಒಳಗಿನ ಸ್ಕ್ರೂ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿ, "ಇದು ಬಿಸಾಡುವ ಸಾಮಾನಲ್ಲ ಮಾರಾಯ್ರೆ, ಬಿಚ್ಚಲಿಕ್ಕೆ ಅಂತಲೇ ಮಾಡಿದ್ದು" ಅಂದರು. ಕಡಿದ ಭಾಗ ತೆಗೆದು, ಗೇಣುದ್ದ ಕಿರಿದು ಮಾಡಿ, ಬೆಸುಗೆ ಹಾಕಿ ಕೊಟ್ಟರು. ಎಂಬತ್ತು ರೂಪಾಯಿ. ಆ ಬೆಸುಗೆ ಇವತ್ತಿಗೂ ಗಟ್ಟಿಯಿದೆ. ಅವತ್ತಿನಿಂದ ಸುರುಳಿಯನ್ನು ಮೇಜಿನ ಅಂಚಿಗೆ ಬಟ್ಟೆಯ ಕ್ಲಿಪ್ಪಿನಿಂದ ಕಚ್ಚಿಸಿಡುತ್ತೇನೆ. ಪಟ್ಟಿಯಿಂದ ಬಟ್ಟಲಿಗೆ ಇಳಿಯುವ ಕಡೆ ಎರಡು ಪಕ್ಕದಲ್ಲೂ ಸಣ್ಣ ವಯರ್ ಹೊರಗೆ ಕಾಣುತ್ತದೆ, ಚೀಲಕ್ಕೆ ತುರುಕುವಾಗ ಅದನ್ನು ನೋಡಿಕೊಳ್ಳಬೇಕು.

ಕುಶನ್ ಮಾತ್ರ ನಮ್ಮ ಕರಾವಳಿಗೆ ಹೇಳಿದ್ದಲ್ಲ. ತೆಳು ರೆಕ್ಸಿನಿನ ಹೊದಿಕೆ. ಉಪ್ಪು ಗಾಳಿ, ಬೆವರು, ತಲೆಗೆ ಹಚ್ಚುವ ಎಣ್ಣೆ ಸೇರಿದರೆ ಮೂರು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಒಮ್ಮೆ ವೆಲ್ವೆಟ್ಟಿನ ದಪ್ಪ ಕುಶನ್ ಬೇರೆ ಕಂಪನಿಯದ್ದು ಹಾಕಿದ್ದೆ. ಕಿವಿಗೆ ಹಾಯೆನಿಸಿತು, ಆದರೆ ಬಟ್ಟಲು ಕಿವಿಯಿಂದ ದೂರ ಸರಿದು, ಸಂದಿಯಲ್ಲಿ ಗಾಳಿಯಾಡಿ, ಇದ್ದ ಬೇಸೂ ಹೋಯಿತು. ನನ್ನ ಸ್ವರವೇ ನನಗೆ ಗುರುತು ಸಿಗಲಿಲ್ಲ. ವಾರದೊಳಗೆ ತೆಗೆದೆ. ಸಿಕ್ಕರೆ ಕಂಪನಿಯದ್ದೇ ಹಾಕಿ. ಹಾಕುವಾಗ ಅಂಚಿನ ತೆಳು ಮಡಿಕೆಯನ್ನು ಬಟ್ಟಲಿನ ಸುತ್ತಲಿನ ಸಂದಿಗೆ ಸೇರಿಸಬೇಕು, ಉಗುರಿನಿಂದ ಎಳೆದರೆ ಹರಿಯುತ್ತದೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲ ಒತ್ತುತ್ತಾ ಸುತ್ತು ಬಂದರೆ ಐದು ನಿಮಿಷದ ಕೆಲಸ. ಪ್ರತಿ ದಿನ ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಮಳೆಗಾಲದಲ್ಲಿ ಡಬ್ಬಿಯೊಳಗೆ ಇಟ್ಟರೆ ಒಂದು ವರ್ಷ ಹೆಚ್ಚು ಬರುತ್ತದೆ.

ರೇಡಿಯೊದಲ್ಲಿ, ಪಾಡ್‌ಕಾಸ್ಟಿನಲ್ಲಿ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಕೆಲಸದಲ್ಲಿ ಇರುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ಬಸ್ಸಿನಲ್ಲಿ ಹಾಡು ಕೇಳಲು, ರಾತ್ರಿ ಮಲಗಿ ಕೇಳಲು ಬೇಕಾದವರು ಬೇರೆ ನೋಡಿ. ನಮ್ಮ ಸ್ಟುಡಿಯೊದಲ್ಲಿ ಅತಿಥಿಗಳಿಗೆ ಇಷ್ಟು ದಿನ ಕೊಡುತ್ತಿದ್ದದ್ದು ಒಂದು ಹಳೆಯ, ಒಂದು ಬದಿ ಸರಿ ಕೇಳದ ಹೆಡ್‌ಫೋನ್. ರ‍್ಯಾಪ್ ಹುಡುಗರು ಮುಂದಿನ ತಿಂಗಳು ಮೂರು ಹೊಸ ಹಾಡು ಹಿಡಿದು ಮತ್ತೆ ಬರುತ್ತಾರೆ. ಅಷ್ಟರೊಳಗೆ ಅತಿಥಿಗಳ ಕುರ್ಚಿಗೆ ಇನ್ನೊಂದು 7506 ತರಿಸುತ್ತಿದ್ದೇನೆ. ಅದರ ಜೊತೆಗೇ ಒಂದು ಜೋಡಿ ಕುಶನ್ ಕೂಡ.